ಸಂಜೆ ಹೊತ್ತು ಚಿಕ್ಕವ್ವ ಕೇಳುತ್ತಿದ್ದುದು

ಪಾಂಡವಪುರದಲ್ಲಿ ನಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಕಲ್ಯಾಣ ಮಂಟಪ ಏಳುತ್ತಿದೆ. ಕೆಲಸದವರು ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ಮೊನ್ನೆ ಬೆಳಿಗ್ಗೆ ಸ್ಕೂಟಿಯಲ್ಲಿ ಹೋಗುವಾಗ ಆ ಶೆಡ್ಡಿನ ಕಡೆಯಿಂದ ಒಂದು ಘಾಟು ಬಂದು ಮೂಗಿಗೆ ಬಡಿಯಿತು. ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸಿದ ಘಾಟು. ಕಣ್ಣಲ್ಲಿ ನೀರು ಬಂತು. ಸಾಸಿವೆ ಎಣ್ಣೆ. ನಮ್ಮ ಕಡೆ ಸಾಸಿವೆ ಒಗ್ಗರಣೆಯಲ್ಲಿ ಸಿಡಿಯುತ್ತದೆಯೇ ಹೊರತು ಅದರ ಎಣ್ಣೆಯಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಆದರೂ ಆ ವಾಸನೆ ನನಗೆ ಗೊತ್ತಿತ್ತು. ಕ್ಯಾತನಹಳ್ಳಿಯ ನಮ್ಮ ಮನೆಯ ಅಟ್ಟದ ಮೇಲೆ, ಮುಚ್ಚಳ ತುಕ್ಕು ಹಿಡಿದ ಒಂದು ಖಾಲಿ ಡಬ್ಬಿಯಲ್ಲಿ ಅದು ಎಷ್ಟೋ ವರ್ಷ ಉಳಿದಿತ್ತು. ಎಣ್ಣೆ ಮುಗಿದು ಯಾವ ಕಾಲವಾಗಿದ್ದರೂ ಚಿಕ್ಕವ್ವ ತನ್ನ ಊರಿನಿಂದ ತಂದಿದ್ದ ಆ ಡಬ್ಬಿಯನ್ನು ಎಸೆದಿರಲಿಲ್ಲ. ಯಾವಾಗಲಾದರೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿಡುತ್ತಿದ್ದಳು... ಸ್ಕೂಟಿ ನಿಲ್ಲಿಸದೆ ಹೋದೆ. ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಚಿಕ್ಕವ್ವ ನನ್ನ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಬಂಗಾಳದ ಉತ್ತರಕ್ಕೆ, ಬೆಟ್ಟ ಶುರುವಾಗುವ ಕಡೆ ಎಲ್ಲೋ ಅವನಿಗೆ ಡ್ಯೂಟಿ. ಒಂದು ಸಲ ರಜೆಯಲ್ಲಿ ಬಂದಾಗ ಅವನ ಹಿಂದೆಯೇ ಅವಳೂ ಬಸ್ಸಿನಿಂದ ಇಳಿದಳು. ನನಗಾಗ ಎಂಟು ವರ್ಷವಿರಬೇಕು. ತೆಳ್ಳಗೆ, ಕಪ್ಪಗೆ, ದೊಡ್ಡ ಕಣ್ಣಿನ ಹೆಂಗಸು. ಕೈಯಲ್ಲಿ ಗಾಜಿನ ಬಳೆಯ ಬದಲು ಎಲುಬಿನಂಥ ಬಿಳಿ ಬಳೆ. ಅಜ್ಜಿ ಆ ಬಳೆಗಳನ್ನು ನೋಡಿಯೇ ಮುಖ ತಿರುಗಿಸಿತು. ಮಾರನೆಯ ದಿನ ಬಳೆಗಾರನನ್ನು ಕರೆಸಿ ಕೈತುಂಬ ಹಸಿರು ಬಳೆ ತೊಡಿಸಿದರು. ಊರಿನವರು ಅವಳನ್ನು ಕಲ್ಕತ್ತದವಳು ಎಂದು ಕರೆದರು. ಅವಳು ಜೀವಮಾನದಲ್ಲಿ ಕಲ್ಕತ್ತ ನೋಡಿದವಳಲ್ಲ ಎಂಬುದು ನನಗೆ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು.

ಬಂದ ದಿನವೇ ಒಂದು ಪ್ರಸಂಗ ನಡೆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಕೈಕಾಲು ತೊಳೆದುಕೊಂಡು ಬಂದು, ತನ್ನ ಟ್ರಂಕಿನಿಂದ ಒಂದು ಶಂಖ ತೆಗೆದು, ಹಿತ್ತಲ ತುಳಸಿಯ ಮುಂದೆ ನಿಂತು ಊದಿದಳು. ಅವಳ ಊರಿನಲ್ಲಿ ಮುತ್ತೈದೆಯರು ಸಂಜೆ ಹೊತ್ತು ಮಾಡುವ ಕೆಲಸ ಅದು. ನಮ್ಮ ಊರಿನಲ್ಲಿ ಶಂಖ ಊದುವವನು ದಾಸಯ್ಯ. ಹರಿಸೇವೆಯಲ್ಲಿ ಊದುತ್ತಾನೆ, ತಿಥಿಯಲ್ಲಿ ಊದುತ್ತಾನೆ, ಹೆಣ ಎತ್ತುವಾಗ ಜಾಗಟೆ ಬಡಿದು ಊದುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮನೆಯಿಂದ ಶಂಖ ಕೇಳಿಸಿತೆಂದರೆ ಜನ ಟವಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಆವತ್ತೂ ಹೊರಟು ಬಂದರು. ನಮ್ಮ ಬಾಗಿಲ ಮುಂದೆ ಗುಂಪು ಸೇರಿತು.

"ಯಾರ್ ಸತ್ರು ಅಂತ ಬೀದಿಗ್ ಬೀದಿನೇ ಬಂದು ಕೇಳ್ತಾ ಅದೆ. ದಾಸಯ್ಯ ಊದೋದ್ನ ಎಂಗ್ಸು ಊದ್ತಾಳಲ್ಲ, ಈ ಮನೆ ಉಳ್ದಾದಾ?" ಎಂದು ಅಜ್ಜಿ ನಡುಮನೆಯಲ್ಲಿ ಕೂತು ಅತ್ತಿತು. ಅಜ್ಜಿಗೆ ನಿಜವಾಗಿಯೂ ಭಯವಾಗಿತ್ತು. ಕೆಟ್ಟತನದಿಂದ ಆಡಿದ ಮಾತಲ್ಲ ಅದು. ಚಿಕ್ಕಪ್ಪ ಹೆಂಡತಿಗೆ ಹಿಂದಿಯಲ್ಲಿ ಏನೋ ಹೇಳಿದ. ಅವಳು ಶಂಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಚಿಕ್ಕಪ್ಪನ ರಜೆ ಮುಗಿದು ಅವನು ವಾಪಸ್ಸು ಹೋದ ಮೇಲೆ, ಒಂದು ಶನಿವಾರ ಪಕ್ಕದ ಊರಿನಿಂದ ಭಿಕ್ಷೆಗೆ ಬಂದ ದಾಸಯ್ಯನ ಜೋಳಿಗೆಗೆ ಅಜ್ಜಿ ರಾಗಿಯ ಜೊತೆ ಆ ಶಂಖವನ್ನೂ ಹಾಕಿಬಿಟ್ಟಿತು. ಚಿಕ್ಕವ್ವ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಬೇಡವೆನ್ನಲು ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ಕನ್ನಡ ಕಲಿಸಿದವಳು ನಾನು. ಮನೆಯಲ್ಲಿ ಅವಳ ಜೊತೆ ಮಾತಾಡಲು ಪುರುಸೊತ್ತು ಇದ್ದದ್ದು ನನಗೊಬ್ಬಳಿಗೇ. ಸ್ಲೇಟು ಹಿಡಿದು ಹಿತ್ತಲಲ್ಲಿ ಕೂರುತ್ತಿದ್ದೆವು. ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ನಾನು ಒಂದು ಮಾತು ಹೇಳಿಕೊಟ್ಟರೆ ಅವಳೂ ತನ್ನದೊಂದು ಮಾತು ಹೇಳಿಕೊಡಬೇಕು. ನಾನು ನೀರು ಎಂದೆ. ಅವಳು ಜೊಲ್ ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಬೀದಿಯ ಮಕ್ಕಳನ್ನೆಲ್ಲ ಕರೆದು, ನಮ್ಮ ಚಿಕ್ಕವ್ವನ ಊರಲ್ಲಿ ಬಾಯಾರಿದರೆ ಜೊಲ್ಲು ಕುಡಿಯುತ್ತಾರಂತೆ ಎಂದು ಹೇಳಿದೆ. ಮಕ್ಕಳು ಅವಳನ್ನು ಕಂಡಾಗಲೆಲ್ಲ ಜೊಲ್ಲು ಬೇಕಾ, ಜೊಲ್ಲು ಬೇಕಾ ಎಂದು ಕೂಗುತ್ತಿದ್ದವು. ಅವಳೂ ನಕ್ಕಳು. ಆಮೇಲೆ ಅವಳು ತನ್ನ ಮಾತನ್ನು ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಪಾಠ ಮಾತ್ರ ಮುಂದುವರಿಯಿತು. ಅವಳಿಗೆ 'ವ' ಬರುತ್ತಿರಲಿಲ್ಲ, ಎಲ್ಲವೂ 'ಬ' ಆಗುತ್ತಿತ್ತು. ತುಟಿ ಹೇಗಿಡಬೇಕೆಂದು ತೋರಿಸಿ ತೋರಿಸಿ ತಿದ್ದಿದೆ. ನಾನು ಮೇಷ್ಟರಾಗಬೇಕು ಎಂಬ ಆಸೆ ಹುಟ್ಟಿದ್ದೇ ಆ ಹಿತ್ತಲಲ್ಲಿ. ಮುಂದೆ ಕನ್ನಡದ ಟೀಚರ್ ಆದೆ. ನನ್ನ ಮೊದಲ ವಿದ್ಯಾರ್ಥಿನಿ ನನ್ನ ಚಿಕ್ಕವ್ವ ಎಂದು ಸಹೋದ್ಯೋಗಿಗಳ ಮುಂದೆ ಎಷ್ಟು ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೋ...

ಅವಳಿಗೆ ಒಬ್ಬ ಮಗ ಹುಟ್ಟಿದ. ತೊಟ್ಟಿಲು ತೂಗುವಾಗ ಅವಳು ತನ್ನ ಮಾತಿನಲ್ಲಿ ಏನೋ ಹಾಡಿಕೊಳ್ಳುತ್ತಿದ್ದಳು. ಅಜ್ಜಿ ಅದನ್ನೂ ನಿಲ್ಲಿಸಿತು. "ಮಗೀಗೆ ಎರಡ್ ನಾಲ್ಗೆ ಮಾಡ್ಬ್ಯಾಡ ಕಣವ್ವ. ಎರಡ್ ನಾಲ್ಗೆ ಇರೋದು ನಾಗರಾವಿಗೆ" ಎಂದಿತು. ಅಷ್ಟು ಹೊತ್ತಿಗೆ ಅವಳಿಗೆ ಈ ಮಾತು ಅರ್ಥವಾಗುವಷ್ಟು ಕನ್ನಡ ಬಂದಿತ್ತು. ಮಗ ಒಂದೇ ನಾಲಿಗೆಯಲ್ಲಿ ಬೆಳೆದ.

ಚಿಕ್ಕಪ್ಪ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದ, ಕಬ್ಬು ಬೆಳೆದ, ಒಂದು ದಿನ ಎದೆನೋವೆಂದು ಕೂತವನು ಮೇಲೇಳಲಿಲ್ಲ. ಅವಳ ಜೊತೆ ಹಿಂದಿಯಲ್ಲೋ ಅವಳ ಮಾತಿನಲ್ಲೋ ನಾಲ್ಕು ಮಾತಾಡಬಲ್ಲ ಒಬ್ಬನೇ ಮನುಷ್ಯ ಅವನು. ಅವನು ಹೋದ ಮೇಲೂ ಅವಳಲ್ಲಿ ಏನೂ ಬದಲಾದಂತೆ ನಮಗೆ ಕಾಣಲಿಲ್ಲ. ಅಷ್ಟರಲ್ಲಿ ಅವಳು ಪೂರ್ತಿ ಕ್ಯಾತನಹಳ್ಳಿಯವಳಾಗಿದ್ದಳು. ಮುದ್ದೆ ಕಟ್ಟುವುದರಲ್ಲಿ ಅವಳ ಕೈಯೇ ಕೈ. ಬೈಗುಳದಲ್ಲೂ ಹಾಗೆಯೇ. ಹಸು ಒದ್ದರೆ, ಡೇರಿಯವನು ಅಳತೆಯಲ್ಲಿ ತಪ್ಪಿದರೆ, ಅವಳ ಬಾಯಿಂದ ಬರುತ್ತಿದ್ದ ಮಾತು ಕೇಳಿ ಹೊಸಬರು ಇವಳು ಪಕ್ಕದ ಚಿನಕುರಳಿಯಿಂದ ಬಂದ ಸೊಸೆ ಇರಬೇಕೆಂದುಕೊಳ್ಳುತ್ತಿದ್ದರು. ಮಗನ ಮದುವೆಯಾದ ಮೇಲೆ, ನಿನಗೇನಿಷ್ಟ, ಏನು ಮಾಡಲಿ ಎಂದು ಸೊಸೆ ಕೇಳಿದರೆ, "ಅಯ್ಯೋ ಬುಡವ್ವ, ನೀವು ಉಣ್ಣೋದೆ ನಂಗಿಷ್ಟ" ಎನ್ನುತ್ತಿದ್ದಳು. ನಾವು ಅದನ್ನು ನಂಬಿದ್ದೆವು.

ಆರು ವರ್ಷದ ಹಿಂದೆ, ಡೇರಿಗೆ ಹಾಲು ಹಾಕಿ ಬರುತ್ತಿದ್ದಾಗ ದಾರಿಯಲ್ಲೇ ಕುಸಿದಳು. ಲಕ್ವ ಹೊಡೆದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಭಾಗ ಉಳಿಯಲಿಲ್ಲ. ಮಾತೂ ಉಳಿಯಲಿಲ್ಲ. ಬರಬಹುದು, ಕೈಕಾಲಿಗೆ ತಪ್ಪದೆ ವ್ಯಾಯಾಮ ಮಾಡಿಸಿ, ಮಾತಾಡಿಸುತ್ತಾ ಇರಿ ಎಂದು ಡಾಕ್ಟರು ಹೇಳಿ ಕಳಿಸಿದರು. ತಮ್ಮ, ಅಂದರೆ ಅವಳ ಮಗ, ವಾರಕ್ಕೆರಡು ಸಲ ಬಾಡಿಗೆ ಕಾರಿನಲ್ಲಿ ಅವಳನ್ನು ಮೈಸೂರಿಗೆ ಕರೆದೊಯ್ದು ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದ. ಅವನ ಹೆಂಡತಿ ಗಂಜಿ ಕುಡಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಮಾಡುತ್ತಿದ್ದಳು. ಮುಖ ಸಿಂಡರಿಸಿದ್ದು ನಾನು ಒಂದು ದಿನವೂ ಕಾಣೆ. ನಾನು ಶಾಲೆ ಬಿಟ್ಟ ಮೇಲೆ ಎರಡು ದಿನಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ. ನಾವು ಅವಳನ್ನು ಚೆನ್ನಾಗಿಯೇ ನೋಡಿಕೊಂಡೆವು. ಊರೆಲ್ಲ ಹಾಗೇ ಹೇಳುತ್ತದೆ.

ಕೆಲವು ವಾರದ ಮೇಲೆ ಅವಳ ಬಾಯಿಂದ ಸ್ವರ ಹೊರಟಿತು. ತೊದಲು. ಹಗಲಿನಲ್ಲಿ ಏನೋ ಗೊಣಗುತ್ತಿದ್ದಳು, ನಮಗೆ ತಿಳಿಯುತ್ತಿರಲಿಲ್ಲ. ಆದರೆ ಸಂಜೆಯಾಗುತ್ತಿದ್ದ ಹಾಗೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. "ಸಾಕ್... ಸಾಕ್..." ಅದರ ಹಿಂದೆ 'ಕೊಯ್' ಎಂದೋ ಏನೋ ಒಂದು ತೊದಲು. ಆ ಹೊತ್ತಿನಲ್ಲಿ ಬಾಯಿಗೆ ಹಿಡಿದ ಗಂಜಿಯ ಚಮಚವನ್ನು ಎಡಗೈಯಲ್ಲಿ ದೂಡುತ್ತಿದ್ದಳು. ಬಾಗಿಲ ಕಡೆ ನೋಡುತ್ತಿದ್ದಳು. ಮತ್ತೆ, ಸಾಕ್. ಕತ್ತಲು ಪೂರ್ತಿ ಕವಿದ ಮೇಲೆ ಸುಮ್ಮನಾಗಿ ಗೋಡೆ ಕಡೆ ತಿರುಗುತ್ತಿದ್ದಳು.

ಮೊದಲು ತಮ್ಮನಿಗೆ ಸಂತೋಷವಾಗಿತ್ತು, ಅವ್ವನಿಗೆ ಮಾತು ಬಂತು ಎಂದು. ಆಮೇಲೆ ಆ ಮಾತಿನ ಅರ್ಥ ಅವನ ತಲೆಗೆ ಹೋಯಿತು. ಒಂದು ಸಂಜೆ ನನ್ನನ್ನು ಮಂಚದ ಹತ್ತಿರ ಕರೆದ.

"ಅಕ್ಕ, ನೀನೇ ಕೇಳು. ಸಾಕು ಅಂತಾವ್ಳೆ, ಅಲ್ವಾ?"

ನಾನು ಬಗ್ಗಿ ಅವಳ ಬಾಯಿಗೆ ಕಿವಿ ಕೊಟ್ಟೆ. ಅವಳ ಕನ್ನಡವನ್ನು ಅಕ್ಷರ ಅಕ್ಷರವಾಗಿ ತಿದ್ದಿದವಳು ನಾನು. ಮನೆಯಲ್ಲಿ ಓದಿದವಳು ನಾನು. ನನ್ನ ಮಾತೇ ಕೊನೆಯ ಮಾತಾಗುತ್ತದೆಂದು ಗೊತ್ತಿತ್ತು.

"ಊಂ ಕಣಪ್ಪ. ಸಾಕು ಅಂತಾನೇ ಅಂತಿರೋದು" ಎಂದೆ.

ಅವನು ಅಲ್ಲಿಯೇ ನೆಲದ ಮೇಲೆ ಕೂತ. ಕೊನೆಗೆ, ಅವ್ವನೇ ಸಾಕು ಅನ್ನುವಾಗ ನಾವು ಎಳೆದಾಡುವುದು ಪಾಪ ಎಂದ. ಮೈಸೂರಿಗೆ ಕರೆದೊಯ್ಯುವುದು ನಿಂತಿತು. ಸಂಜೆಯ ಗಂಜಿಯನ್ನು ಬಲವಂತ ಮಾಡುವುದನ್ನು ಸೊಸೆ ನಿಲ್ಲಿಸಿದಳು. ಅವಳು ಸಾಕು ಎಂದ ಕೂಡಲೇ ಬಟ್ಟಲು ಪಕ್ಕಕ್ಕಿಟ್ಟು, ಅವಳ ಹಣೆ ನೇವರಿಸಿ, ಆಯ್ತು ಅತ್ತೆ, ಆಯ್ತು ಎನ್ನುತ್ತಿದ್ದಳು. ಅದನ್ನು ನೋಡಿ ನನ್ನ ಕಣ್ಣು ತುಂಬುತ್ತಿತ್ತು. ಎಷ್ಟು ಅರ್ಥ ಮಾಡಿಕೊಳ್ಳುವ ಮಕ್ಕಳು ಎನ್ನಿಸುತ್ತಿತ್ತು. ದಿನದಿಂದ ದಿನಕ್ಕೆ ಚಿಕ್ಕವ್ವ ಹಾಸಿಗೆಯಲ್ಲಿ ಸಣ್ಣಗಾಗುತ್ತಾ ಹೋದಳು.

ಅದೇ ಸಮಯದಲ್ಲಿ ತಮ್ಮ ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದ. ಶ್ರೀರಂಗಪಟ್ಟಣದ ಒಬ್ಬ ಕಂಟ್ರಾಕ್ಟರು ಗಾರೆ ಕೆಲಸಕ್ಕೆ ಹಿಂದಿಯವರನ್ನು ಕಳಿಸಿದ್ದ. ನಮ್ಮ ಕಡೆ ಹೊರಗಿನಿಂದ ಬಂದ ಕೆಲಸಗಾರರೆಲ್ಲರಿಗೂ ಹಿಂದಿಯವರು ಎಂದೇ ಹೆಸರು. ಅವರಲ್ಲಿ ಮೇಸ್ತ್ರಿ ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಕೆಲವು ವರ್ಷದಿಂದ ಈ ಕಡೆ ಇದ್ದುದರಿಂದ ಹರಕು ಮುರುಕು ಕನ್ನಡ ಆಡುತ್ತಿದ್ದ. ಯಾವ ಊರಪ್ಪಾ ಎಂದು ಮೊದಲ ದಿನವೇ ನಾನು ಕೇಳಿದ್ದೆ. ಬಿಹಾರ ಎಂದಿದ್ದ. ಚಿಕ್ಕವ್ವ ಮಲಗುತ್ತಿದ್ದ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಅದರ ಎದುರಿಗೇ ಅವನು ಗೋಡೆ ಎತ್ತುತ್ತಿದ್ದ.

ಗೋಡೆ ಎದೆಯೆತ್ತರ ಬಂದಿತ್ತು. ಒಂದು ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡವನು ಹೋಗದೆ ಜಗಲಿಯ ಕೆಳಗೆ ನಿಂತ. ತಮ್ಮ, ನಾನು ಇಬ್ಬರೂ ಜಗಲಿಯ ಮೇಲಿದ್ದೆವು. ಒಳಗಿನಿಂದ ಚಿಕ್ಕವ್ವನ ದನಿ ಆಗಲೇ ಶುರುವಾಗಿತ್ತು.

"ಸಾರ್, ಒಂದು ಮಾತು. ಬೈಬೇಡಿ."

"ಏನಯ್ಯ?"

"ಅಮ್ಮ ದಿನಾ ಸಂಜೆ ಶಂಖ ಕೇಳ್ತದೆ. ಯಾಕೆ ಕೊಡಲ್ಲ?"

ನಮಗೆ ಅವನು ಹೇಳಿದ್ದು ತಲೆಗೆ ಹೋಗಲಿಲ್ಲ. ಯಾವ ಶಂಖ, ಯಾರು ಕೇಳುವುದು ಎಂದು ತಮ್ಮ ಕೇಳಿದ. ಮೇಸ್ತ್ರಿ ಕಿಟಕಿಯ ಕಡೆ ಕೈ ತೋರಿಸಿದ. ಶಾಂಖ್ ಕೊಯ್, ಶಾಂಖ್ ಕೊಯ್ ಎನ್ನುತ್ತಿದೆ ಅಮ್ಮ, ಶಂಖ ಎಲ್ಲಿ ಎಂದು ಕೇಳುತ್ತಿದೆ, ಹೊತ್ತು ಮುಳುಗಿತು, ಇನ್ನೂ ಯಾರೂ ಊದಲಿಲ್ಲವಲ್ಲ ಎನ್ನುತ್ತಿದೆ ಎಂದು ಬಿಡಿಸಿ ಹೇಳಿದ.

"ಅದು ಸಾಕು ಕಣಯ್ಯ" ಎಂದ ತಮ್ಮ. "ಸಾಕು ಅಂತಾವ್ಳೆ ನಮ್ಮವ್ವ."

"ಸಾಕು ಅಲ್ಲ ಸಾರ್. ಶಾಂಖ್."

ಒಳಗಿನಿಂದ ಅದೇ ಹೊತ್ತಿಗೆ ಮತ್ತೆ ಆ ದನಿ ಬಂತು. ಆ ಸಲ ನನಗೆ ಕೇಳಿಸಿತು. ಎಂಟು ವರ್ಷದವಳಿದ್ದಾಗ ಜೊಲ್ ಎಂಬ ಮಾತು ಹೇಗೆ ನನ್ನ ಕಿವಿಯಲ್ಲಿ ಜೊಲ್ಲಾಯಿತೋ, ಹಾಗೆಯೇ ಇದೂ ಆಗಿತ್ತು. ಆವತ್ತು ನಕ್ಕಿದ್ದೆವು. ಈಗ... ನಾನು ತಮ್ಮನ ಮುಖ ನೋಡಲಿಲ್ಲ. ಅವನೂ ನನ್ನ ಮುಖ ನೋಡಲಿಲ್ಲ. ಅವನು ಆಮೇಲೂ, ಇವತ್ತಿನವರೆಗೂ, ನೀನು ತಾನೇ ಅಕ್ಕ ಹಾಗಂದದ್ದು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಕೋಪವನ್ನು ಎಲ್ಲಾದರೂ ಹಾಕಬೇಕಿತ್ತಲ್ಲ, ತಮ್ಮ ಮೇಸ್ತ್ರಿಯ ಮೇಲೆ ಹಾಕಿದ. "ಇಷ್ಟ್ ದಿನ ಯಾಕಯ್ಯ ಬಾಯಿ ಬುಡ್ನಿಲ್ಲ ನೀನು?"

ಅವನು ನೆಲ ನೋಡುತ್ತಾ ಹೇಳಿದ. ಅವನು ಬಿಹಾರದವನಲ್ಲ, ಬಂಗಾಳದವನು. ಊರಿನಲ್ಲಿ ಬಂಗಾಳಿ ಮಾತಾಡಬೇಡಿ, ಜನ ಬಾಂಗ್ಲಾದೇಶದವರು ಅಂತಾರೆ, ಪೊಲೀಸರಿಗೆ ಹೇಳ್ತಾರೆ, ಕೇಳಿದರೆ ಬಿಹಾರ ಅನ್ನಿ ಎಂದು ಕಂಟ್ರಾಕ್ಟರು ತಾಕೀತು ಮಾಡಿ ಕಳಿಸಿದ್ದನಂತೆ. ಕೆಲಸಗಾರರು ತಮ್ಮ ತಮ್ಮಲ್ಲೂ ಹಿಂದಿಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಮನೆಯವರಿಗೆ ಅಮ್ಮನ ಭಾಷೆ ಗೊತ್ತಿರುತ್ತದೆ, ಬೇಕೆಂದೇ ಕೊಡುತ್ತಿಲ್ಲ, ದೊಡ್ಡವರ ಮನೆಯ ವಿಷಯ ತನಗೇಕೆ ಎಂದು ಅವನು ಅಂದುಕೊಂಡಿದ್ದ.

"ಅಮ್ಮ ಕರೀತಾ ಇತ್ತು" ಎಂದ. "ನಾನು ಇಟ್ಟಿಗೆ ಜೋಡಿಸ್ತಾ ಇದ್ದೆ."

ತಮ್ಮ ಮೆಟ್ಟಿಲಿಳಿದು ಅವನ ತೋಳು ಹಿಡಿದುಕೊಂಡು ಒಳಗೆ ಕರೆತಂದ. ಮೇಸ್ತ್ರಿ ಕೋಣೆಯ ಹೊಸ್ತಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದ. ಚಿಕ್ಕವ್ವ ತಿರುಗಿದಳು. ಅವನು ಇನ್ನೂ ಏನೋ ಹೇಳಿದ. ಅವಳ ಮುಖದ ಅರ್ಧ ಭಾಗ ಮಾತ್ರ ಅಲುಗಾಡುತ್ತಿತ್ತು. ಆ ಅರ್ಧದಲ್ಲಿ ಬಂದ ನಗುವನ್ನು ನಾನು ಅದುವರೆಗೆ ಅವಳಲ್ಲಿ ಕಂಡಿರಲಿಲ್ಲ. ಮಾತು ಹೊರಟಿತು. ನಾವು ತೊದಲು ಎಂದುಕೊಂಡಿದ್ದ ಮಾತೆಲ್ಲ ಮಾತೇ ಆಗಿತ್ತು. ಲಕ್ವ ಅವಳ ಕನ್ನಡವನ್ನು ಕಿತ್ತುಕೊಂಡು ಹುಟ್ಟಿದ ಮಾತನ್ನಷ್ಟೇ ಬಿಟ್ಟಿತ್ತು. ಅವನು ಹೂಂಗುಟ್ಟುತ್ತಿದ್ದ, ತಡೆದು ತಡೆದು ಮತ್ತೆ ಕೇಳುತ್ತಿದ್ದ. ಏನಂದಳು ಎಂದು ನಾನು ಕೇಳಿದೆ. ಯಾಕೆ ಇಷ್ಟು ತಡ ಮಾಡಿದೆ ಎಂದು ಕೇಳುತ್ತಿದೆ ಎಂದ ಮೇಸ್ತ್ರಿ.

ಮಾರನೆಯ ದಿನ ತಮ್ಮ ಶ್ರೀರಂಗಪಟ್ಟಣಕ್ಕೆ ಹೋಗಿ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಒಂದು ಶಂಖ ತಂದ. ಊದುವವರು ಯಾರು? ತಮ್ಮ ಊದಿದರೆ ಬರೀ ಉಸಿರು. ನಾನು ಊದಿದರೂ ಅಷ್ಟೇ. ಮೇಸ್ತ್ರಿ, ನಾವು ಮುಸಲ್ಮಾನರು, ನಮ್ಮ ಮನೆಯಲ್ಲಿ ಊದುವುದಿಲ್ಲ, ಆದರೆ ಪಕ್ಕದ ಮನೆಯ ಅಮ್ಮಂದಿರು ಊದುತ್ತಾರೆ, ನಾವು ಸಂಜೆಯ ನಮಾಜಿಗೆ ಹೊರಡುವುದೂ ಅದೇ ಹೊತ್ತಿಗೆ ಎಂದ. ಕೊನೆಗೆ ಸೊಸೆ ಕೈಗೆ ತೆಗೆದುಕೊಂಡಳು. ಚಿಕ್ಕವ್ವ ಮಲಗಿದಲ್ಲಿಂದಲೇ ಎಡಗೈಯಿಂದ ಅವಳ ತುಟಿ ಮುಟ್ಟಿ, ಹೀಗಲ್ಲ, ಹೀಗೆ ಎಂದು ಒತ್ತಿ ತೋರಿಸಿದಳು. ಎಷ್ಟೋ ಸಲ ಸೋತ ಮೇಲೆ ಒಂದು ದನಿ ಹೊರಟಿತು. ಒಡಕಲು, ಸಣ್ಣದು. ಆದರೂ ಶಂಖದ ದನಿ. ಚಿಕ್ಕವ್ವ ಕಣ್ಣು ಮುಚ್ಚಿ, ಎತ್ತಲಾಗುತ್ತಿದ್ದ ಒಂದು ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದಳು. "ಯಾವಾಗ್ ಓಯ್ತವ್ವಾ ಜೀವ?" ಎಂದಳು.

ಹೋಗಿಲ್ಲ, ಊಟ ಮಾಡುತ್ತಿದ್ದಾಳೆ ಎಂದು ಸೊಸೆ ಹೇಳಿದಳು. ನಿಜವಾಗಿಯೂ ಆ ಸಂಜೆ ಚಿಕ್ಕವ್ವ ಗಂಜಿಯನ್ನು ಬಟ್ಟಲು ಬರಿದಾಗುವ ತನಕ ಕುಡಿದಳು. ಅವಳ ಊರಿನ ಪದ್ಧತಿಯಲ್ಲಿ ದೀಪ ಹಚ್ಚಿ ಶಂಖ ಊದುವ ಮುಂಚೆ ಮನೆಯವರು ಬಾಯಿಗೆ ಏನೂ ಹಾಕಿಕೊಳ್ಳುವುದಿಲ್ಲವೆಂದು ಮೇಸ್ತ್ರಿಯ ಮೂಲಕ ಹೇಳಿದಳು. ಅವಳು ಚಮಚ ದೂಡುತ್ತಿದ್ದುದು ಗಂಜಿ ಬೇಡವೆಂದಲ್ಲ, ಇನ್ನೂ ಶಂಖ ಊದಿಲ್ಲವೆಂದು.

ಮತ್ತೆ ಮೈಸೂರಿಗೆ ಕರೆದೊಯ್ದರು. ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರಂತೆ. ಕೈಕಾಲು ಬಿಗಿದುಹೋಗಿದೆ, ಮೈಯಲ್ಲಿ ಶಕ್ತಿ ಇಲ್ಲ, ಬರಬೇಕಾಗಿದ್ದ ಹೊತ್ತಿನಲ್ಲಿ ಬರಲಿಲ್ಲ ನೀವು ಎಂದರಂತೆ.

ಕೊಟ್ಟಿಗೆಯ ಕೆಲಸ ಮುಗಿಯುವ ತನಕ ಮೇಸ್ತ್ರಿ ಪ್ರತಿ ಸಂಜೆ ಅವಳ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದ. ಹೆಂಚು ಹೊದಿಸುವ ಕೆಲಸವನ್ನು ಬೇಕೆಂದೇ ನಿಧಾನ ಮಾಡಿದನೋ ಏನೋ. ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ, ಆಮೇಲೆ ಅವನಿಗೆ ಬರುವಷ್ಟು ಕನ್ನಡದಲ್ಲಿ ನಮಗೆ ಹೇಳುತ್ತಿದ್ದ. ಹೀಗೆ ನಮ್ಮ ಚಿಕ್ಕವ್ವ ಯಾರು ಎಂಬುದು ನಮಗೆ ಗೊತ್ತಾಗುತ್ತಾ ಹೋಯಿತು. ಅವಳು ಹುಟ್ಟಿದ್ದು ಗಡಿಯ ಆ ಕಡೆ, ಈಗಿನ ಬಾಂಗ್ಲಾದೇಶದಲ್ಲಿ. ದೊಡ್ಡ ನದಿಯ ದಂಡೆಯ ಮೇಲೆ ಮನೆ, ಅಂಗಳದ ತನಕ ದೋಣಿ ಬರುತ್ತಿತ್ತಂತೆ. ಗಲಾಟೆಯ ಕಾಲದಲ್ಲಿ, ಅವಳು ಇನ್ನೂ ಚಿಕ್ಕವಳಿದ್ದಾಗ, ಉಟ್ಟ ಬಟ್ಟೆಯಲ್ಲಿ ಹೊರಟು ಈ ಕಡೆ ಬಂದರಂತೆ. ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದಳು. ಸುತ್ತಲಿನ ಊರಿನ ಮಕ್ಕಳು ಇವರ ಬಂಗಾಳಿಯನ್ನು ಕೇಳಿ ನಗುತ್ತಿದ್ದರಂತೆ. ಆ ಕಡೆಯ ಬಂಗಾಳಿಯೇ ಬೇರೆ, ಈ ಕಡೆಯದೇ ಬೇರೆ ಎಂದು ಮೇಸ್ತ್ರಿ ವಿವರಿಸಿದ. ಅಮ್ಮನ ಮಾತು ನನಗೂ ಒಂದೊಂದು ಸಲ ತಿಳಿಯುವುದಿಲ್ಲ, ನಮ್ಮಜ್ಜಿಯ ಕಾಲದ ಮಾತು ಎಂದ. ನಾನು ನಗುವ ಮುಂಚೆಯೇ ಅವಳ ಮಾತಿಗೆ ನಕ್ಕವರಿದ್ದರು ಎಂದು ತಿಳಿದು ನನಗೆ ಸಮಾಧಾನವಾಗಲಿಲ್ಲ.

ಮನೆ ಬಿಡುವಾಗ ಅವಳ ತಾಯಿ ಪಾತ್ರೆ ಪಡಗ ಎಲ್ಲವನ್ನೂ ಬಿಟ್ಟು ಶಂಖವೊಂದನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳಂತೆ. ಮದುವೆಯಾಗಿ ಹೊರಟಾಗ ಅದನ್ನೇ ಮಗಳ ಕೈಗೆ ಕೊಟ್ಟಳಂತೆ. ಮೇಸ್ತ್ರಿ ಇದನ್ನು ಸಹಜವಾಗಿ ಹೇಳಿದ. ಆ ಶಂಖ ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತಿರಲಿಲ್ಲ. ಅಜ್ಜಿ ಅದನ್ನು ಜೋಳಿಗೆಗೆ ಹಾಕಿದ್ದನ್ನು ನನ್ನಿಂದ ಕೇಳಿ ತಮ್ಮ ಮಾರನೆಯ ದಿನವೇ ಆ ದಾಸಯ್ಯನ ಊರಿಗೆ ಹೋದ. ದಾಸಯ್ಯ ಸತ್ತು ಬಹಳ ವರ್ಷವಾಗಿತ್ತು. ಅಪ್ಪನ ಶಂಖ ಬಿರುಕು ಬಿಟ್ಟಿತ್ತು, ಕಾವೇರಿಗೆ ಬಿಟ್ಟೆವು ಎಂದು ಅವನ ಮಗ ಹೇಳಿದನಂತೆ.

ಕೊಟ್ಟಿಗೆ ಮುಗಿದ ಮೇಲೆ ಮೇಸ್ತ್ರಿ ನಾಗಮಂಗಲದ ಕಡೆ ಬೇರೆ ಕೆಲಸಕ್ಕೆ ಹೋದ. ಭಾನುವಾರ ಬರುತ್ತೇನೆ ಎಂದಿದ್ದ, ಒಂದೆರಡು ಸಲ ಬಂದ. ಆಮೇಲೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಚಿಕ್ಕವ್ವ ಮಳೆಗಾಲ ಮುಗಿಯುವ ತನಕ ಇದ್ದಳು. ಕೊನೆಯ ದಿನಗಳಲ್ಲಿ ಅವಳು ಹೇಳುತ್ತಿದ್ದುದು ಮತ್ತೆ ನಮಗೆ ತಿಳಿಯದಾಯಿತು. ಆದರೆ ಈ ಸಲ ನಾನು ಅದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ. ಮಾತಾಡು ಚಿಕ್ಕವ್ವ ಎಂದು ಅವಳ ಕೈ ಹಿಡಿದು ಕೂತಿರುತ್ತಿದ್ದೆ. ಅಷ್ಟೇ ನನ್ನಿಂದ ಆದದ್ದು. ಒಂದು ಬೆಳಿಗ್ಗೆ, ಸೊಸೆ ಹಾಲು ಕರೆಯಲು ಹೋಗಿದ್ದಾಗ, ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ಹೋದಳು.

ಈ ವರ್ಷದ ಪಿತೃಪಕ್ಷಕ್ಕೆ ತಮ್ಮ ನನ್ನನ್ನು ಕರೆದಿದ್ದ. ಹಿರಿಯರಿಗೆ ಎಡೆ ಇಡುವ ದಿನ. ನಡುಮನೆಯಲ್ಲಿ ಬಾಳೆಲೆ ಹಾಸಿ, ಅಜ್ಜ, ಅಜ್ಜಿ, ನಮ್ಮಪ್ಪ, ಚಿಕ್ಕಪ್ಪ, ಚಿಕ್ಕವ್ವ ಎಲ್ಲರಿಗೂ ಹೊಸ ಬಟ್ಟೆ ಇಟ್ಟು, ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡಿಸಿದ್ದಾಯಿತು. ಆಗ ಸೊಸೆ ಇನ್ನೊಂದು ಎಲೆ ತಂದು ಹಾಸಿದಳು. ಅತ್ತೆಯ ತವರಿನ ಹಿರಿಯರಿಗೂ ಒಂದು ಎಡೆ ಇರಲಿ, ಆ ಕಡೆ ಇಡುವವರು ಯಾರಾದರೂ ಉಳಿದಿದ್ದಾರೋ ಇಲ್ಲವೋ ಎಂದಳು. ಯಾರಿಗೂ ತೋಚದ್ದು ಅವಳಿಗೆ ತೋಚಿತ್ತು.

ಎಡೆ ಇಟ್ಟವನು ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು ಕರೆಯಬೇಕು. ತಮ್ಮ ಎಲ್ಲರನ್ನೂ ಕರೆದ. ಕೊನೆಯ ಎಲೆಯ ಮುಂದೆ ನಿಂತು ನನ್ನ ಕಡೆ ತಿರುಗಿದ.

"ಅಕ್ಕ, ನಮ್ಮವ್ವನ ಅವ್ವನ ಎಸ್ರೇನು?"

ನನಗೆ ಗೊತ್ತಿರಲಿಲ್ಲ. ಎಷ್ಟೋ ಸಂಜೆ ಮೇಸ್ತ್ರಿ ಆ ಬಾಗಿಲಲ್ಲಿ ಕೂತಿದ್ದ. ಕೇಳಬಹುದಿತ್ತು. ಹೊಟ್ಟೆ ನೋವಿದೆಯೇ ಕೇಳು, ನಿದ್ದೆ ಬಂತೇ ಕೇಳು, ದಿಂಬು ಎತ್ತರವಾಯಿತೇ ಕೇಳು ಎಂದು ಅವನಿಂದ ಎಲ್ಲವನ್ನೂ ಕೇಳಿಸಿದ್ದೆ. ಇದೊಂದನ್ನು ಕೇಳಿಸಿರಲಿಲ್ಲ. ತಾಯಿ, ತಂದೆ, ಊರು, ನದಿ, ಒಂದರ ಹೆಸರೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವಳು ನಮ್ಮ ಮನೆಯಲ್ಲೇ ನಲವತ್ತು ವರ್ಷ ಮುದ್ದೆ ಕಟ್ಟಿಕೊಂಡಿದ್ದಳು.

ನಾನು ತಲೆಯಾಡಿಸಿದೆ. ತಮ್ಮ ಎಲೆಯ ಕಡೆ ತಿರುಗಿದ. ಆಮೇಲೆ ಕೈಮುಗಿದು, "ನಮ್ಮವ್ವನ ಅವ್ವ, ನಮ್ಮವ್ವನ ಅಪ್ಪ, ಬನ್ನಿ, ಉಣ್ಣಿ" ಎಂದು ಕರೆದ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಬಂದು ಜಗಲಿಯ ಮೇಲೆ ಕೂತೆವು. ತಮ್ಮ ಕರೆದದ್ದು ಕನ್ನಡದಲ್ಲಿ. ಅವನು ಕರೆದವರಿಗೆ ಕನ್ನಡ ಬರುತ್ತಿರಲಿಲ್ಲ.